ಆಮ್‌ಸ್ಟರ್‌ಡ್ಯಾಮ್‌ನ ಅಟ್ಟದ ಮೇಲಿನ ಚರ್ಚು, ಮತ್ತೆ ನನ್ನ ದರಿದ್ರ ಮೈಕು

ಕಾಲುವೆ ಪಕ್ಕ ನಡೀತಾ ಇದೀನಿ, ಕ್ಯಾಮೆರಾ ಯಾಕೆ ನೆಲ ನೋಡ್ತಿದೆ ಅಂದ್ರೆ ಇದು ರೆಡ್ ಲೈಟ್ ಏರಿಯಾ, ಇಲ್ಲಿ ಕಿಟಕಿಗಳ ಕಡೆ ಕ್ಯಾಮೆರಾ ಎತ್ತಬಾರದು. ಇಂಥಾ ಜಾಗದಲ್ಲಿ ಚರ್ಚ್ ಮ್ಯೂಸಿಯಂ! ಹೆಸರು ಓನ್ಸ್ ಲೀವೆ ಹೇರ್ ಓಪ್ ಸೋಲ್ಡರ್, ಅಂದ್ರೆ ಅಟ್ಟದ ಮೇಲಿರೋ ನಮ್ಮ ಸ್ವಾಮಿ ಅನ್ಕೊಳ್ಳಿ.

ಇಲ್ಲಿಂದ ಮೆಟ್ಟಿಲು. ಮೆಟ್ಟಿಲಲ್ಲ, ಏಣಿ. ಇಲ್ಲೇ ನೋಡಿ ಬ್ಯಾಗ್ ಪಟ್ಟಿ ತಾಗಿ ಮೈಕ್ ಮ್ಯೂಟ್ ಆಗಿದ್ದು, ಹೊಸ ಮೈಕ್ ಕಣ್ರೀ, ಮೊನ್ನೆ ತಾನೇ ತಗೊಂಡಿದ್ದು, ಒಂದೂವರೆ ಗಂಟೆ ನಾನೊಬ್ಬಳೇ ಬಾಯಿ ಆಡಿಸ್ಕೊಂಡು ಓಡಾಡಿದೀನಿ, ಕೆಂಪು ಲೈಟ್ ಮಿಣಮಿಣ ಅಂತಾನೇ ಇತ್ತು, ನಾನು ಅದನ್ನ ಚಾರ್ಜ್ ಫುಲ್ ಅಂತ ಅನ್ಕೊಂಡೆ. ಎಷ್ಟು ಚೆನ್ನಾಗಿ ಮಾತಾಡಿದ್ದೆ ಗೊತ್ತಾ? ಅದರಲ್ಲಿ ಒಂದು ಲೈನೂ ಈಗ ನೆನಪಿಲ್ಲ. ಅದಕ್ಕೇ ರಾತ್ರಿ ಹನ್ನೊಂದಕ್ಕೆ ಅಡುಗೆಮನೇಲಿ ಕೂತು ವಿಡಿಯೋಗೆ ಈ ಮಾತು ರೆಕಾರ್ಡ್ ಮಾಡ್ತಾ ಇದೀನಿ, ಹಿಂದೆ ಸೌಂಡ್ ಬಂದ್ರೆ ಅದು ಫ್ರಿಡ್ಜು.

ಈ ಬೀರು ಥರ ಇರೋದು ಹಾಸಿಗೆ, ಹೌದು, ಗೋಡೆ ಒಳಗೆ, ನಾನಂತೂ ಕಾಲು ಚಾಚೋಕಾಗಲ್ಲ. ಇಲ್ಲಿವರೆಗೂ ನಂಗೆ ಬೋರೇ, ಹಳೇ ಮನೆ ನೋಡೋಕೆ ಇಷ್ಟು ದುಡ್ಡಾ ಅನ್ಸಿತ್ತು.

ಆಮೇಲೆ ಇದು.

ಮಾತು ವಾಪಸ್ ತಗೊಂಡೆ. ನಮ್ಮನೆ ಅಟ್ಟದಲ್ಲಿ ಹಳೇ ಹಂಡೆ, ಗೊಂಬೆ ಹಬ್ಬದ ಪೆಟ್ಟಿಗೆ ಬಿಟ್ರೆ ಜಿರಳೆ, ಇಲ್ಲಿ ಪೂರ್ತಿ ಚರ್ಚು! 1578ರಲ್ಲಿ ಊರು ಪ್ರಾಟೆಸ್ಟೆಂಟ್ ಕೈಗೆ ಹೋಯ್ತು, ಕ್ಯಾಥೊಲಿಕರು ಬಹಿರಂಗವಾಗಿ ಪೂಜೆ ಮಾಡೋ ಹಾಗಿಲ್ಲ, ಆಗ ಯಾನ್ ಹಾರ್ಟ್‌ಮನ್ ಅನ್ನೋ ವ್ಯಾಪಾರಿ 1661ರಲ್ಲಿ ಈ ಮನೆ, ಹಿಂದಿನ ಎರಡು ಮನೆ ಸೇರಿಸಿ ತಗೊಂಡು ಮೂರರ ಅಟ್ಟಾನೂ ಒಂದು ಮಾಡಿಸಿಬಿಟ್ಟ, 1663ಕ್ಕೆ ಚರ್ಚ್ ರೆಡಿ. ಈ ಗುಲಾಬಿ ಬಣ್ಣ ಮೊದಲು ಐಸ್‌ಕ್ರೀಂ ಪಾರ್ಲರ್ ಥರ ಅನ್ಸ್ತು, ಈಗ ಎಡಿಟ್ ಮಾಡ್ತಾ ಇಷ್ಟ ಆಗ್ತಿದೆ. ಬಲಿಪೀಠದ ಕಂಬದ ಬುಡದೊಳಗೆ ಪ್ರವಚನ ಪೀಠ ಮಡಚಿ ಇಟ್ಟಿದಾರೆ, ಬೇಕಾದಾಗ ಹೊರಗೆಳೆಯೋದು, ಜಾಗ ಉಳಿಸೋದು ಇವರಿಂದ ಕಲೀಬೇಕು.

ಗುಟ್ಟಿನ ಚರ್ಚ್ ಅಂತಾರೆ, ನಂಗೆ ನಂಬಿಕೆ ಇಲ್ಲ. ಭಾನುವಾರ ಭಾನುವಾರ ಅಷ್ಟು ಜನ ಒಂದೇ ಮನೆಗೆ ನುಗ್ಗಿದ್ರೆ ಎದುರು ಮನೆ ಆಂಟಿಗೆ ಗೊತ್ತಾಗಲ್ವಾ? ಊರಿನ ಅಧಿಕಾರಿಗಳಿಗೂ ಗೊತ್ತಿತ್ತು, ಬೀದಿಯಿಂದ ಕಾಣಬಾರದು ಅಷ್ಟೇ. ಅದನ್ನ ದೊಡ್ಡ ಸಹನೆ ಅಂತ ಹೊಗಳ್ತಾರಲ್ಲ, ಅದು ನಂಗೆ ಆಗಲ್ಲ, ದೇವರನ್ನ ಅಟ್ಟ ಹತ್ತಿಸಿ ಎಂಥಾ ಸಹನೆ? ಆದ್ರೆ ಆ ಕಾಲಕ್ಕೆ ಎಷ್ಟೋ ಊರಲ್ಲಿ ಅಷ್ಟೂ ಇರಲಿಲ್ಲ, ಅದೂ ನಿಜ... ಅಯ್ಯೋ ಶಾಟ್ ಮುಗೀತು, 1888ರಿಂದ ಇದು ಮ್ಯೂಸಿಯಂ, ಇಳೀವಾಗ ಕಂಬಿ ಹಿಡ್ಕೊಳ್ಳಿ, ಬ್ಯಾಗು ಲಾಕರಲ್ಲಿ ಹಾಕಿ, ನಾನು ಹಾಕಿದ್ರೆ ಮೈಕಾದ್ರೂ ಉಳೀತಿತ್ತು.