ಒಳ್ಳೆ ಕ್ಯಾಚ್ ಒಂದೂ ಇಲ್ಲದ ಕಾರ್ನಿವಲ್ ವಿಡಿಯೋ

ಮೊದಲೇ ಹೇಳಿಬಿಡುತ್ತೇನೆ. ಈ ವಿಡಿಯೋದಲ್ಲಿ ಒಳ್ಳೆ ಕ್ಯಾಚ್ ಒಂದೂ ಇಲ್ಲ. ಏನೂ ಸಿಗಲಿಲ್ಲ ಅಂತ ಅಲ್ಲ, ಎರಡು ದೊಡ್ಡ ಚೀಲ ತುಂಬಿವೆ. ಆದರೆ ಮೆರವಣಿಗೆಯ ರಥದಿಂದ ಮಣಿಸರವೋ ಮತ್ತೊಂದೋ ನಮ್ಮ ಕಡೆ ಹಾರಿ ಬಂದಾಗಲೆಲ್ಲ ನಾನು ಕ್ಯಾಮೆರಾ ಇಳಿಸಿ ಕೈ ಎತ್ತಿದ್ದೇನೆ. ಹಾಗಾಗಿ ನಿಮಗೆ ಕಾಣುವುದು ರಸ್ತೆ, ನನ್ನ ಶೂ, ಯಾರದೋ ಮೊಣಕಾಲು, ಆಗಾಗ ಸ್ವಲ್ಪ ಆಕಾಶ. ಅಡ್ಜಸ್ಟ್ ಮಾಡಿಕೊಳ್ಳಿ.

ಇದು ಅಮೆರಿಕದ ನ್ಯೂ ಆರ್ಲಿಯನ್ಸ್. ಸೇಂಟ್ ಚಾರ್ಲ್ಸ್ ಅವೆನ್ಯೂ. 2024ರ ಫೆಬ್ರವರಿ 8, ಗುರುವಾರ ಸಂಜೆ. ಮಾರ್ಡಿ ಗ್ರಾ ಹಬ್ಬಕ್ಕೆ ಇನ್ನೂ ಐದು ದಿನ ಇದೆ. ಹ್ಯೂಸ್ಟನ್‌ನಿಂದ ಕಾರಲ್ಲಿ ಬಂದಿದ್ದೇವೆ. ನಾನು, ನನ್ನ ಹೆಂಡತಿ, ಮತ್ತೆ ದಾವಣಗೆರೆಯಿಂದ ಮೂರು ತಿಂಗಳಿಗೆಂದು ಬಂದಿರುವ ಅಮ್ಮ. ಅಗೋ, ಸೀರೆ ಮೇಲೆ ಸ್ವೆಟರ್, ಕಿವಿಗೆ ಮಫ್ಲರ್. ಚಳಿ ಇರಲಿ ಬಿಡಲಿ, ಊರು ಬಿಟ್ಟಮೇಲೆ ಮಫ್ಲರ್ ಬೇಕೇ ಬೇಕು.

ಆ ಸೀರೆ ನೋಡಿಕೊಳ್ಳಿ. ನೇರಳೆ ಮೈ, ಹಸಿರು ಅಂಚು, ಚಿನ್ನದ ಬಣ್ಣದ ಜರಿ. ಅದು ಈ ಕಾರ್ನಿವಲ್‌ನ ಬಣ್ಣಗಳೇ ಅಂತ ಅಮ್ಮನಿಗೆ ಗೊತ್ತಿರಲಿಲ್ಲ, ನನಗೂ ಆಮೇಲೆ ಹೊಳೆದಿದ್ದು. ಇಲ್ಲಿನ ರೆಕ್ಸ್ ಅನ್ನುವ ತಂಡ 1872ರಲ್ಲಿ ಆರಿಸಿದ ಮೂರು ಬಣ್ಣ ಇವು. ಈಗ ಬಾಗಿಲ ತೋರಣದಿಂದ ಹಿಡಿದು ಕೇಕ್ ಮೇಲಿನ ಸಕ್ಕರೆವರೆಗೆ ಎಲ್ಲದಕ್ಕೂ ಅವೇ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಜ್ಜಿಯೊಬ್ಬರು ಅಮ್ಮನನ್ನು ಮೇಲಿಂದ ಕೆಳಗೆ ನೋಡಿ, ಇವಳು ಪೂರ್ತಿ ತಯಾರಿ ಮಾಡಿಕೊಂಡೇ ಬಂದಿದ್ದಾಳೆ ಅಂದರು.

ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ಉಪವಾಸ ಶುರುವಾಗುವ ಮೊದಲು ಉಂಡು ಕುಣಿಯುವ ಕಾಲ ಇದು. ಜನವರಿ 6ಕ್ಕೆ ಶುರು, ಮಾರ್ಡಿ ಗ್ರಾ ಮಂಗಳವಾರಕ್ಕೆ ಮುಗಿಯುತ್ತದೆ. ಮೆರವಣಿಗೆ ಮಾಡುವುದು ಸರ್ಕಾರ ಅಲ್ಲ, 'ಕ್ರೂ' ಅನ್ನುವ ಖಾಸಗಿ ಕ್ಲಬ್‌ಗಳು. ಯಾವ ಕಂಪನಿಯ ಜಾಹೀರಾತೂ ರಥದ ಮೇಲೆ ಇರುವಂತಿಲ್ಲ. ಮೇಲೆ ನಿಂತು ಎಸೆಯುವವರು ಎಸೆಯುವ ಮಾಲನ್ನು ತಮ್ಮ ಜೇಬಿನಿಂದಲೇ ಕೊಂಡಿರುತ್ತಾರೆ. ಈ ವಿಷಯ ಕೇಳಿದಾಗ ನನಗೆ ನಿಜಕ್ಕೂ ಆಶ್ಚರ್ಯ ಆಯಿತು. ಗೊತ್ತಿಲ್ಲದ ಜನಕ್ಕೆ ಎಸೆಯಲು ದುಡ್ಡು ಕೊಟ್ಟು ಮಣಿಸರ ಕೊಳ್ಳುತ್ತಾರೆ!

ಇಗೋ, ಮೊದಲ ರಥ ಬಂತು. ಈ ಕೂಗು ಕೇಳಿಸುತ್ತಿದೆಯಲ್ಲ? "ಥ್ರೋ ಮಿ ಸಮ್‌ಥಿಂಗ್, ಮಿಸ್ಟರ್!" ಸ್ವಾಮಿ, ನನ್ನ ಕಡೆಗೂ ಏನಾದರೂ ಎಸೀರಿ ಅಂತ. ಡಾಕ್ಟರು, ಲಾಯರು, ಸ್ಕೂಲ್ ಹುಡುಗರು, ಎಲ್ಲರೂ ಎರಡೂ ಕೈ ಎತ್ತಿ ಇದನ್ನೇ ಕೂಗುತ್ತಾರೆ. ನಾನೂ ಕೂಗಿದೆ.

ಅಮ್ಮ ನನ್ನ ತೋಳು ಹಿಡಿದು ಎಳೆದಳು. "ಹಿಂಗೆ ಬೀದೀಲಿ ಕೈ ಚಾಚಿ ಬೇಡಾಕೆ ನಾಚಿಕೆ ಆಗಲ್ಲೇನೋ? ಮನೇಲಿ ಏನು ಕಮ್ಮಿ ಆಗೈತಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳಿಗೆ ಇಡೀ ವ್ಯವಹಾರವೇ ತಲೆಕೆಳಗಾಗಿ ಕಂಡಿತ್ತು. "ತೇರಿಗೆ ನಾವು ಎಸೀಬೇಕು. ಇಲ್ಲಿ ತೇರೇ ನಮ್ಮ ಮೇಲೆ ಎಸಿತೈತಲ್ಲ!" ಹೌದಲ್ವಾ? ನಮ್ಮ ಕಡೆ ತೇರು ಹೊರಟರೆ ಜನ ಬಾಳೆಹಣ್ಣು, ಉತ್ತತ್ತಿ ಎಸೆಯುತ್ತಾರೆ. ಬಾಳೆಹಣ್ಣಿನ ಮೇಲೆ ಪೆನ್ನಲ್ಲಿ ಹರಕೆ ಬರೆದು ಎಸೆಯುವವರೂ ಇದ್ದಾರೆ. ಚಿಕ್ಕವನಿದ್ದಾಗ ನಾನೂ ಬರೆದಿದ್ದೆ. ಏನು ಅಂತ ಕೇಳಬೇಡಿ, ಗಣಿತದಲ್ಲಿ ಮೂವತ್ತೈದೇ ಬಂತು.

ಈಗ ಸ್ವಲ್ಪ ಕ್ಯಾಚ್ ಹಿಡಿಯುವ ವಿದ್ಯೆ.

ಸುಮ್ನೆ ಕೈ ಎತ್ತಿ ನಿಂತರೆ ಏನೂ ಸಿಗುವುದಿಲ್ಲ, ಎಲ್ಲರೂ ಎತ್ತಿರುತ್ತಾರೆ. ಮೇಲಿರುವವರ ಕಣ್ಣು ಹಿಡಿಯಬೇಕು. ಅವರೆಲ್ಲ ಮುಖವಾಡ ಹಾಕಿರುತ್ತಾರೆ, ರಥದ ಮೇಲೆ ಅದು ಕಡ್ಡಾಯ. ಮುಖವಾಡದ ಎರಡು ತೂತುಗಳಲ್ಲಿ ಕಣ್ಣು ಹುಡುಕಬೇಕು. ಕಣ್ಣು ಕೂಡಿದ ಕೂಡಲೇ ಆ ಮನುಷ್ಯ ಬೆರಳು ಮಾಡಿ ತೋರಿಸುತ್ತಾನೆ, ನಿನಗೇ ಅಂತ. ಸರ ಗಾಳಿಯಲ್ಲಿ ಬಿಚ್ಚಿಕೊಂಡು, ದೀಪದಲ್ಲಿ ಮಿಂಚುತ್ತಾ ಬರುತ್ತದೆ. ಆ ಎರಡು ಸೆಕೆಂಡ್ ಅದಕ್ಕಿಂತ ಬೆಲೆಬಾಳುವುದು ಏನೂ ಇಲ್ಲ ಅನ್ನಿಸುತ್ತದೆ. ಹಿಡಿದು ನೋಡಿದರೆ ಹತ್ತು ಪೈಸೆ ಪ್ಲಾಸ್ಟಿಕ್. ಕತ್ತಿಗೆ ಹಾಕಿಕೊಂಡು ಮತ್ತೆ ಕೈ ಎತ್ತುತ್ತೀರಿ.

ಕೆಳಗೆ ಬಿದ್ದದ್ದಕ್ಕೆ ಕೈ ಹಾಕಬಾರದು. ಮೊದಲು ಕಾಲು, ಆಮೇಲೆ ಕೈ. ನಾಣ್ಯದಂಥ ಬಿಲ್ಲೆ ಬಿದ್ದರೆ ಅದರ ಮೇಲೆ ಕಾಲಿಟ್ಟು, ಗಲಾಟೆ ಕಮ್ಮಿಯಾದ ಮೇಲೆ ಬಗ್ಗಿ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ನಿಮ್ಮ ಬೆರಳಿನ ಮೇಲೆ ಇನ್ನೊಬ್ಬರ ಬೂಟು. ಇದನ್ನು ಕಲಿಸಿದ್ದು ಎಂಟು ವರ್ಷದ ಒಬ್ಬ ಹುಡುಗ, ಅದೂ ನನ್ನ ಬೆರಳು ತುಳಿದ ಮೇಲೆ.

ಆ ಏಣಿಗಳನ್ನು ನೋಡಿ. ತುದಿಯಲ್ಲಿ ಮರದ ಪೆಟ್ಟಿಗೆಯಂಥ ಸೀಟು ಕಟ್ಟಿ ಮಕ್ಕಳನ್ನು ಕೂರಿಸಿದ್ದಾರೆ. ಏಣಿಯನ್ನು ರಸ್ತೆ ಅಂಚಿನಿಂದ ದೂರ ಇಡಬೇಕು ಅಂತ ನಿಯಮ. ಬಿದ್ದರೂ ರಥದ ಚಕ್ರದ ಕೆಳಗೆ ಬೀಳಬಾರದಲ್ಲ.

ನಾವು ನಿಂತಿರುವ ಹುಲ್ಲಿನ ಜಾಗ ರಸ್ತೆ ನಡುವೆ ಇದೆ, ಬೇರೆ ದಿನ ಟ್ರಾಮ್ ಓಡುವ ಜಾಗ. ನಮ್ಮೂರಲ್ಲಾದರೆ ಡಿವೈಡರ್ ಅನ್ನುತ್ತೇವೆ. ಇಲ್ಲಿ 'ನ್ಯೂಟ್ರಲ್ ಗ್ರೌಂಡ್'. ಹಿಂದೆ ಕೆನಾಲ್ ಸ್ಟ್ರೀಟ್‌ನ ಒಂದು ಕಡೆ ಹಳೇ ಫ್ರೆಂಚ್ ಮನೆತನದವರು, ಇನ್ನೊಂದು ಕಡೆ ಹೊಸದಾಗಿ ಬಂದ ಅಮೆರಿಕನ್ನರು. ಇಬ್ಬರಿಗೂ ಆಗುತ್ತಿರಲಿಲ್ಲ. ನಡುವಿನ ಜಾಗ ಯಾರದೂ ಅಲ್ಲ ಅಂತ ಆ ಹೆಸರು ಬಂತಂತೆ. ರಥದ ಮೇಲೆ ಪರಿಚಯದವರಿದ್ದರೆ ಮೊದಲೇ ಕೇಳಿಟ್ಟುಕೊಳ್ಳುತ್ತಾರೆ: ನೀನು ಫುಟ್‌ಪಾತ್ ಕಡೆಯೋ, ನ್ಯೂಟ್ರಲ್ ಗ್ರೌಂಡ್ ಕಡೆಯೋ? ತಪ್ಪು ಬದಿ ನಿಂತರೆ ನಿಮ್ಮ ಗೆಳೆಯನ ಬೆನ್ನು ಮಾತ್ರ ಕಾಣುತ್ತದೆ.

ಈ ಕ್ಲಿಪ್ ಇಲ್ಲಿ ಯಾಕೆ ಕಪ್ಪಾಯಿತು ಅಂದರೆ, ಒಂದು ಡಜನ್ ಸರ ಬಿಚ್ಚದೆ ಕಟ್ಟಾಗಿಯೇ ಬಂದು ನನ್ನ ಮೂಗಿಗೆ ಬಡಿಯಿತು. ಕನ್ನಡಕದ ಕಡ್ಡಿ ಮುರಿಯಿತು. ಕ್ಯಾಮೆರಾದಲ್ಲಿ ಕಣ್ಣಿಟ್ಟವನಿಗೆ ಬೇರೇನು ಆಗುತ್ತದೆ?

ರಾತ್ರಿಯ ಮೂರನೇ ಮೆರವಣಿಗೆ ಮ್ಯೂಸಸ್. ಪೂರ್ತಿ ಹೆಂಗಸರ ಕ್ರೂ, 2001ರಲ್ಲಿ ಮೊದಲ ಸಲ ಬೀದಿಗಿಳಿದವರು. ಇವರ ಹತ್ತಿರ ಎಲ್ಲರೂ ಆಸೆಪಡುವುದು ಶೂ. ಹೈ ಹೀಲ್ಸ್ ಶೂಗೆ ಮಿನುಗುಪುಡಿ, ಮಣಿ, ಗರಿ ಅಂಟಿಸಿ ಕೈಯಾರೆ ಸಿಂಗರಿಸಿರುತ್ತಾರೆ. ಒಬ್ಬೊಬ್ಬರ ಹತ್ತಿರ ಇರುವುದೇ ಕೆಲವು, ಎಸೆಯುವುದಿಲ್ಲ, ಬಗ್ಗಿ ಕೈಗೆ ಕೊಡುತ್ತಾರೆ. ಅದಕ್ಕಾಗಿ ಜನ ಬೋರ್ಡ್ ಬರೆದುಕೊಂಡು ಬರುತ್ತಾರೆ: ಇವತ್ತು ನನ್ನ ಹುಟ್ಟುಹಬ್ಬ, ಶೂ ಕೊಡಿ ಅಂತ. ಬಾಳೆಹಣ್ಣಿನ ಹರಕೆ ನೆನಪಾಯಿತು. ನನ್ನ ಹೆಂಡತಿಯೂ ಒಂದು ಬೋರ್ಡ್ ಮಾಡಿದ್ದಳು. ಪಾಪ, ಅದನ್ನು ಯಾರೂ ಓದಲಿಲ್ಲ.

ಸಿಕ್ಕಿದ್ದು ಅಮ್ಮನಿಗೆ. ಅವಳು ಕೈ ಎತ್ತಿರಲೇ ಇಲ್ಲ, ಸೆರಗು ಸರಿಮಾಡಿಕೊಳ್ಳುತ್ತಾ ನಿಂತಿದ್ದಳು. ರಥದ ಮೇಲಿನ ಹೆಂಗಸು ಆ ಸೀರೆ ಕಂಡು ಕಿರುಚಿ, ಅಷ್ಟೂ ಕೈಗಳನ್ನು ದಾಟಿಸಿ, ಬೆರಳು ಮಾಡಿ ಅಮ್ಮನನ್ನೇ ತೋರಿಸಿದಳು. ಮುಂದೆ ನಿಂತಿದ್ದವರು ಶೂವನ್ನು ಕೈಯಿಂದ ಕೈಗೆ ದಾಟಿಸಿ ಅಮ್ಮನಿಗೆ ತಲುಪಿಸಿದರು. ಒಬ್ಬರೂ ಎತ್ತಿಕೊಂಡು ಓಡಲಿಲ್ಲ. ನವಿಲು ಬಣ್ಣದ ಶೂ. ಅಮ್ಮ ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಹೊರಟ ರಥದ ಹಿಂದೆ ನಾಲ್ಕು ಹೆಜ್ಜೆ ಓಡಿದಳು. ಈಗ ನಿಮಗೆ ಕೇಳಿಸುವುದು ಅವಳದೇ ದನಿ:

"ಇನ್ನೊಂದು ಕಾಲಿಂದು ಎಲ್ಲೈತಮ್ಮಾ?"

ಅಲ್ಲಿಂದ ಮುಂದೆ ಬೇಡುವ ನಾಚಿಕೆ ವಿಚಾರ ಬರಲಿಲ್ಲ. ಶನಿವಾರ ಟಕ್ಸ್ ಮೆರವಣಿಗೆ. ಆ ಕ್ರೂನವರು ಟಾಯ್ಲೆಟ್ ಪೇಪರ್ ಸುರುಳಿ ಎಸೆಯುತ್ತಾರೆ, ಬೀದಿಯ ಓಕ್ ಮರಗಳೆಲ್ಲ ಬಿಳೀ ಜಡೆ ಬಿಟ್ಟಂತೆ ಕಾಣುತ್ತವೆ. ಅಮ್ಮ ಅದನ್ನು ಮಾತ್ರ ಮುಟ್ಟಲಿಲ್ಲ.

ಮಂಗಳವಾರ ಬೆಳಗ್ಗೆ ನಾವು ಏಳುವ ಮೊದಲೇ ಅಮ್ಮ ಅದೇ ಸೀರೆ ಉಟ್ಟು ತಯಾರಾಗಿದ್ದಳು. ಮೊದಲು ಝೂಲು, ಹಿಂದೆ ರೆಕ್ಸ್. ಝೂಲು ಕಪ್ಪು ಜನರ ಕ್ಲಬ್. 1909ರಲ್ಲಿ ಮೊದಲ ಮೆರವಣಿಗೆ ಹೊರಟಾಗ ಅವರ ರಾಜನ ಕಿರೀಟ ಹಂದಿಕೊಬ್ಬಿನ ಡಬ್ಬಿ, ರಾಜದಂಡ ಬಾಳೆಯ ದಿಂಡು. ರೆಕ್ಸ್‌ನ ರಾಜಠೀವಿಯನ್ನು ಗೇಲಿ ಮಾಡಿದ್ದು ಅದು. 1949ರಲ್ಲಿ ಜಾಝ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ ಕೂಡ ಝೂಲು ರಾಜನಾಗಿ ಕೂತಿದ್ದರು. ಶುರುವಿನ ಕಾಲದಲ್ಲಿ ಗಾಜಿನ ಮಣಿಸರ ದುಬಾರಿ. ಇವರು ತೆಂಗಿನಕಾಯಿ ಕೊಟ್ಟರು. ಇವತ್ತು ಇಡೀ ಕಾರ್ನಿವಲ್‌ನಲ್ಲಿ ಜನ ಅತಿ ಜಾಸ್ತಿ ಹಂಬಲಿಸುವುದು ಅದನ್ನೇ, ಬಣ್ಣ ಬಳಿದು ಮಿನುಗುಪುಡಿ ಹಚ್ಚಿದ ಝೂಲು ಕಾಯಿ.

"ತೆಂಗಿನಕಾಯಿ ಎಸೆದರೆ ತಲೆ ಒಡೆಯಲ್ಲೇನೋ?" ಅಂದಳು ಅಮ್ಮ. ಒಡೆಯುತ್ತದೆ. ಕೋರ್ಟಿಗೂ ಹೋಗಿತ್ತು. 1987ರಲ್ಲಿ ವಿಮೆ ಸಿಗದೆ ಕಾಯಿ ಕೊಡುವುದೇ ನಿಂತುಹೋಯಿತು. ಮರುವರ್ಷ ಈ ಊರಿರುವ ಲೂಸಿಯಾನಾ ರಾಜ್ಯ ಅದಕ್ಕಾಗಿಯೇ ಒಂದು ಕಾನೂನು ಮಾಡಿತು: ಎಸೆಯದೆ ಕೈಗೆ ಕೊಟ್ಟ ಕಾಯಿಯಿಂದ ಪೆಟ್ಟಾದರೆ ಕೇಸು ಇಲ್ಲ. ತೆಂಗಿನಕಾಯಿಗೊಂದು ಕಾನೂನು! ತಿಪಟೂರಿನವರು ಕೇಳಿಸಿಕೊಳ್ಳಿ.

ನಮಗೆ ಕಾಯಿ ಸಿಗಲಿಲ್ಲ. ಎರಡು ಗಂಟೆ ಕಾದೆವು. ಪಕ್ಕದ ಹುಡುಗಿಗೆ ಸಿಕ್ಕಿತು. ಅಮ್ಮ ಅದನ್ನು ಕೇಳಿ ಇಸಿದುಕೊಂಡು, ಕಿವಿ ಹತ್ತಿರ ಅಲ್ಲಾಡಿಸಿ ನೋಡಿ, ವಾಪಸ್ ಕೊಟ್ಟಳು.

ರೆಕ್ಸ್ ಬಂದಾಗ ಡಬ್ಲೂನ್ ಬಿದ್ದವು. ಹಗುರಾದ ಅಲ್ಯೂಮಿನಿಯಂ ನಾಣ್ಯ, 1960ರಿಂದ ಎಸೆಯುತ್ತಿದ್ದಾರೆ. ಇದನ್ನು ಮಾಡಿದ ಕಲಾವಿದ ಆಲ್ವಿನ್ ಶಾರ್ಪ್. ಪೆಟ್ಟಾಗುವುದಿಲ್ಲ ಅಂತ ತೋರಿಸಲು ರೆಕ್ಸ್ ಮುಖ್ಯಸ್ಥರ ಮೇಲೇ ಒಂದು ಹಿಡಿ ಎಸೆದರು ಅಂತ ಕಥೆ ಇದೆ. ಒಂದು ನಮ್ಮ ಮುಂದೆ ಟಣ್ಣೆಂದು ಪುಟಿಯಿತು. ಅದೇ ಎಂಟು ವರ್ಷದವನ ವಯಸ್ಸಿನ ಇನ್ನೊಬ್ಬ ಹುಡುಗ ಬಗ್ಗುವಷ್ಟರಲ್ಲಿ ಅಮ್ಮನ ಹವಾಯಿ ಚಪ್ಪಲಿ ಅದರ ಮೇಲಿತ್ತು. ಮುಖ ಮಾತ್ರ ಬೇರೆ ಕಡೆ.

ಬುಧವಾರ ಬೆಳಗ್ಗೆ ಬೀದಿ ಖಾಲಿ. ಕಸದ ಲಾರಿಗಳು ರಾತ್ರಿಯೇ ಬಂದು ಹೋಗಿವೆ. ಎಲ್ಲವೂ ಅವಕ್ಕೆ ಸಿಗುವುದಿಲ್ಲ. 2018ರಲ್ಲಿ ಇದೇ ಸೇಂಟ್ ಚಾರ್ಲ್ಸ್ ಅವೆನ್ಯೂದ ಬರೀ ಐದು ಬ್ಲಾಕ್‌ಗಳ ಮಳೆನೀರಿನ ಚರಂಡಿಗಳಿಂದ 42 ಟನ್ ಮಣಿಸರ ತೆಗೆದರು. ಮಳೆ ಬಂದರೆ ಮುಳುಗುವ ಊರಿನಲ್ಲಿ! ಅದಕ್ಕೇ ಈಗ ಹಳೇ ಸರಗಳನ್ನು ವಾಪಸ್ ತೆಗೆದುಕೊಳ್ಳುವ ಸಂಸ್ಥೆಗಳಿವೆ. ಆರ್ಕ್ ಅನ್ನುವ ಸಂಸ್ಥೆಯಲ್ಲಿ ಬುದ್ಧಿಮಾಂದ್ಯತೆ ಇರುವವರು ಕೆಲಸ ಮಾಡುತ್ತಾರೆ, ಅವುಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸಿ ಮತ್ತೆ ಕ್ರೂಗಳಿಗೆ ಮಾರುತ್ತಾರೆ. ನಮ್ಮ ಒಂದು ಚೀಲ ಅಲ್ಲಿಗೆ. ಇನ್ನೊಂದು ದಾವಣಗೆರೆಗೆ, ನಮ್ಮ ಓಣಿಯ ಮಕ್ಕಳಿಗೆ. ಶೂ ಅಮ್ಮನ ಸೂಟ್‌ಕೇಸಿನಲ್ಲಿ, ಮೂರು ಸೀರೆ ಸುತ್ತಿಕೊಂಡು. ಡಬ್ಲೂನ್ ಎಲ್ಲಿಟ್ಟಿದ್ದಾಳೋ ಹೇಳುವುದಿಲ್ಲ.

ಕಾರು ಹತ್ತುವ ಮೊದಲು ಅಮ್ಮ ಒಂದು ಓಕ್ ಮರದ ಕೆಳಗೆ ನಿಂತಳು. ಕೊಂಬೆ ತುಂಬ ಸರಗಳು, ಈ ವರ್ಷದವು, ಹೋದ ವರ್ಷದವು. ಚೀಲದಿಂದ ಒಂದು ಹಸಿರು ಸರ ತೆಗೆದು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ, ಮೇಲಕ್ಕೆಸೆದಳು. ಜಾರಿ ಬಿತ್ತು. ಎತ್ತಿಕೊಂಡು ಮತ್ತೆ ಎಸೆದಳು. ಈ ಸಲ ಸಿಕ್ಕಿಕೊಂಡಿತು.

ಆಗ ನನ್ನ ಕೈಯಲ್ಲಿ ಕ್ಯಾಮೆರಾ ಸರಿಯಾಗಿಯೇ ಇತ್ತು. ಅಗೋ ನೋಡಿ, ಎಡಗಡೆ ಎರಡನೇ ಕೊಂಬೆ.