ಭುಜ ಕುಣಿಯುವುದು ಬೆನ್ನಿನಿಂದ

ಕೇಳುಗರಿಗೆ ನಮಸ್ಕಾರ. ಮಂಗೋಲಿಯನ್ ನೃತ್ಯದ ವಿಡಿಯೊ ನೋಡಿ, ಕನ್ನಡಿ ಮುಂದೆ ನಿಂತು ಭುಜ ಅಲ್ಲಾಡಿಸಿ, ಸಂಜೆ ಹೊತ್ತಿಗೆ ಕುತ್ತಿಗೆ ಹಿಡಿಸಿಕೊಂಡವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ಇವತ್ತಿನ ಮಾತು ನಿಮಗೆ. ಹೇಳುವುದು ಒಂದೇ ವಿಷಯ, ಮತ್ತೆ ಮತ್ತೆ ಹೇಳುತ್ತೇನೆ: ಭುಜವನ್ನು ತೋಳಿನಿಂದ ಕುಣಿಸಬೇಡಿ, ಬೆನ್ನಿನಿಂದ ಕುಣಿಸಿ.

ಬೆನ್ನಿನ ಮೇಲ್ಭಾಗದಲ್ಲಿ ಎರಡು ಚಪ್ಪಟೆ, ತ್ರಿಕೋನಾಕಾರದ ಮೂಳೆಗಳಿವೆ. ಹೆಗಲ ಮೂಳೆ ಅನ್ನೋಣ. ಅವು ಪಕ್ಕೆಲುಬಿನ ಮೇಲೆ ಜಾರುತ್ತವೆ. ಪಕ್ಕೆಯ ಕಡೆ ಜಾರಿದರೆ ಭುಜ ಮುಂದೆ ಬರುತ್ತದೆ, ಬೆನ್ನೆಲುಬಿನ ಕಡೆ ಜಾರಿದರೆ ಹಿಂದೆ ಹೋಗುತ್ತದೆ. ಶರೀರಶಾಸ್ತ್ರ ಇಷ್ಟು ಸಾಕು.

ಮಂಗೋಲಿಯನ್ ನೃತ್ಯದ ಭುಜದ ಚಲನೆಗಳಲ್ಲಿ ನಾಲ್ಕನ್ನು ಹೇಳುತ್ತೇನೆ. ಮೊದಲು ಗಟ್ಟಿ ಭುಜ. ಪಾದಗಳ ನಡುವೆ ಒಂದು ಗೇಣು ಬಿಟ್ಟು ನಿಲ್ಲಿ, ಮಂಡಿ ಬಿಗಿಯಬೇಡಿ, ಕೈ ಸೊಂಟದ ಮೇಲಿರಲಿ. ಒಂದು ಅಂದಾಗ ಬಲಭುಜ ಮುಂದೆ, ಎಡಭುಜ ಹಿಂದೆ. ಎರಡು ಅಂದಾಗ ಅದಲುಬದಲು. ಎರಡು ಬೆರಳಗಲ ಸರಿದರೆ ಸಾಕು, ಆದರೆ ಪ್ರತಿ ಸಲವೂ ಚಕ್ಕನೆ ನಿಲ್ಲಬೇಕು. ನಿಲ್ಲದಿದ್ದರೆ ಅದು ಗಟ್ಟಿ ಭುಜವೇ ಅಲ್ಲ. ನಿಮಿಷಕ್ಕೆ 60 ತಾಳದಲ್ಲಿ ಶುರು ಮಾಡಿ. ಅಂಗಿಯ ಎದೆಯ ಗುಂಡಿಯನ್ನು ಕನ್ನಡಿಯಲ್ಲಿ ನೋಡುತ್ತಿರಿ. ಭುಜ ಮುಂದೆ ಬಂದಾಗ ಗುಂಡಿಯೂ ಪಕ್ಕಕ್ಕೆ ತಿರುಗಿತೋ, ನೀವು ಭುಜ ಆಡಿಸುತ್ತಿಲ್ಲ, ಮುಂಡ ತಿರುಗಿಸುತ್ತಿದ್ದೀರಿ ಎಂದರ್ಥ. ಮೊಣಕೈ ಮೊದಲು ಹೊರಟಿತೋ, ತೋಳು ತಳ್ಳುತ್ತಿದೆ. ಭುಜ ಕಿವಿಯ ಕಡೆ ಏರಿತೋ, ಕುತ್ತಿಗೆಯ ಸ್ನಾಯು ಕೆಲಸ ಕಸಿದುಕೊಂಡಿದೆ. ಮೂರಕ್ಕೂ ಮದ್ದು ಒಂದೇ. ತಾಳ ಇಳಿಸಿ, ಬೆನ್ನಿನಿಂದ ಹೊರಡಿ.

ಬರೀ ಭುಜಕ್ಕೆ ಇಷ್ಟೊಂದು ಪಾಠವೇ ಎನ್ನುವವರು ಪಶ್ಚಿಮ ಮಂಗೋಲಿಯಾದ ಬಿಯೆಲ್ಗೀ ನೋಡಬೇಕು. ಖೊವ್ದ್, ಊವ್ಸ್ ಪ್ರಾಂತ್ಯಗಳ ಕುರಿಗಾಹಿ ಮನೆತನಗಳ ನೃತ್ಯ ಅದು. ಯುನೆಸ್ಕೊ 2009ರಲ್ಲಿ ಇದನ್ನು ತುರ್ತಾಗಿ ಉಳಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಕುಣಿಯುವುದು ಗೆರ್ ಒಳಗೆ, ಅಂದರೆ ಉಣ್ಣೆಯ ಕಂಬಳಿ ಹೊದಿಸಿದ ದುಂಡನೆಯ ಗುಡಾರದಲ್ಲಿ. ನಡುವೆ ಒಲೆ, ಸುತ್ತ ಮನೆಮಂದಿ, ಪೆಟ್ಟಿಗೆ, ಮಂಚ. ಒಲೆಯೆದುರು ಸಿಗುವ ಚೂರು ಜಾಗದಲ್ಲಿ ಓಡಿ ಜಿಗಿಯುವುದೆಲ್ಲಿ? ಅರ್ಧ ಕೂತು, ಇಲ್ಲವೇ ಚಕ್ಕಳಮಕ್ಕಳ ಹಾಕಿಕೊಂಡೇ ಕುಣಿಯುತ್ತಾರೆ. ಮನೆಗೆಲಸ, ರೀತಿ ರಿವಾಜು ಎಲ್ಲವನ್ನೂ ಕೈ, ಭುಜ, ಕಾಲುಗಳಲ್ಲೇ ಹೇಳಬೇಕು. ಬಯಾದ್ ಜನರದ್ದು ಇನ್ನೂ ಒಂದು ಕೈ ಮೇಲು. ಮಂಡಿಗಳನ್ನು ಹೊರಕ್ಕೆ ಬಾಗಿಸಿ, ಅವುಗಳ ಮೇಲೆ ಐರಗ್ ತುಂಬಿದ ಬಟ್ಟಲು ಇಟ್ಟುಕೊಳ್ಳುತ್ತಾರೆ. ಐರಗ್ ಎಂದರೆ ಹುಳಿಬರಿಸಿದ ಕುದುರೆ ಹಾಲು. ದೊರ್ವೊದ್ ಜನ ಬಟ್ಟಲನ್ನು ತಲೆಯ ಮೇಲೆ, ಕೈಯ ಮೇಲೆ ಇಟ್ಟು ಕುಣಿಯುತ್ತಾರೆ. ಈಗ ಯೋಚಿಸಿ. ತಲೆಯ ಮೇಲೆ ತುಂಬಿದ ಬಟ್ಟಲಿದೆ, ಭುಜ ಕುಣಿಯಲೇಬೇಕು. ಎದೆ ತಿರುಗಿದರೆ ಚೆಲ್ಲುತ್ತದೆ, ಕುತ್ತಿಗೆ ಸೆಟೆದುಕೊಂಡರೆ ಚೆಲ್ಲುತ್ತದೆ, ಉಸಿರು ಬಿಗಿಹಿಡಿದು ಒಮ್ಮೆಲೇ ಬಿಟ್ಟರೂ ಚೆಲ್ಲುತ್ತದೆ. ಉಳಿದದ್ದು ಏನು? ಹೆಗಲ ಮೂಳೆ ಮಾತ್ರ. ನಾನು ಇಷ್ಟೊತ್ತು ಹೇಳಿದ್ದೂ ಅದನ್ನೇ. ಚೀನಾಕ್ಕೆ ಸೇರಿದ ಒಳ ಮಂಗೋಲಿಯಾದ ವೇದಿಕೆಯ ಬಟ್ಟಲು ನೃತ್ಯದಲ್ಲೂ ಇದೇ ಲೆಕ್ಕ. ಅಲ್ಲಿ ತಲೆಯ ಮೇಲೆ ಬಟ್ಟಲುಗಳ ಅಟ್ಟಿ, ಎರಡೂ ಕೈಯಲ್ಲಿ ಜೋಡಿ ಪುಟ್ಟ ಬಟ್ಟಲು, ಅವು ತಾಳಕ್ಕೆ ಕಿಣಿಕಿಣಿ ಅನ್ನುತ್ತಿರಬೇಕು. ಮನೆಯಲ್ಲಿ ಪರೀಕ್ಷೆ ಮಾಡುವುದಾದರೆ ಪ್ಲಾಸ್ಟಿಕ್ ಬಟ್ಟಲಿಗೆ ಅರ್ಧ ನೀರು ಹಾಕಿ. ಪಿಂಗಾಣಿ ಬೇಡ, ದಯವಿಟ್ಟು.

ಸಮಯ ಓಡಿತು, ಉಳಿದದ್ದನ್ನು ಬೇಗ ಮುಗಿಸುತ್ತೇನೆ. ಮೃದು ಭುಜದ್ದು ಅದೇ ದಾರಿ, ಆದರೆ ನಿಲುಗಡೆ ಇಲ್ಲ. ಒಂದು ಭುಜ ತುದಿ ಮುಟ್ಟುವ ಮೊದಲೇ ಇನ್ನೊಂದು ಹೊರಟಿರಬೇಕು. ನಿಧಾನ ಅಂದರೆ ಸಡಿಲ ಅಲ್ಲ, ಯಾರೋ ಎದುರಿನಿಂದ ಒತ್ತಿ ಹಿಡಿದಿದ್ದಾರೆ ಅಂದುಕೊಂಡು ಸರಿಸಿ. ನಗುವ ಭುಜದಲ್ಲಿ ಎರಡೂ ಭುಜ ಒಟ್ಟಿಗೆ ಮೇಲೆ ಕೆಳಗೆ, ಪುಟ್ಟದಾಗಿ ಎರಡು ಸಲ. ಎತ್ತುವುದು ನಿಮ್ಮ ಕೆಲಸ. ಇಳಿಸುವಾಗ ಸುಮ್ಮನೆ ಬಿಟ್ಟುಬಿಡಿ, ಕೆಳಕ್ಕೆ ಒತ್ತಿದರೆ ನಗು ಹೋಗಿ ಹೊರೆ ಇಳಿಸಿದಂತೆ ಕಾಣುತ್ತದೆ.

ಎಲ್ಲರೂ ಮೊದಲು ಕೇಳುವುದು ನಡುಕದ ಭುಜ. ಕೊನೆಗೆ ಇಟ್ಟದ್ದು ಬೇಕೆಂದೇ. ಗಟ್ಟಿ ಭುಜವನ್ನು ಒಂದು ಬೆರಳಗಲಕ್ಕೆ ಇಳಿಸಿ, ತಾಳ ಏರಿಸುತ್ತಾ ಹೋದರೆ ಅದು ತಾನಾಗಿ ಬರುತ್ತದೆ. ಉಸಿರನ್ನು ಮೆಲ್ಲಗೆ ಬಿಡುತ್ತಿರಿ. ದವಡೆ ಕಚ್ಚಿ ಮೈಯೆಲ್ಲ ಅದುರಿಸುವುದು ನಡುಕದ ಭುಜ ಅಲ್ಲ, ಚಳಿಜ್ವರ. ಭರತನಾಟ್ಯ ಕಲಿತವರಿಗೆ ಒಂದು ಕಿವಿಮಾತು: ನಾಟ್ಯಾರಂಭೆಯಲ್ಲಿ, ಅಂದರೆ ತೋಳುಗಳನ್ನು ಪಕ್ಕಕ್ಕೆ ಚಾಚಿದ ನಿಲುವಿನಲ್ಲಿ, ಭುಜ ಅಲುಗದಂತೆ ಹಿಡಿದು ರೂಢಿ ನಿಮಗೆ, ಹಾಗಾಗಿ ಮೊದಲ ವಾರ ಬರೀ ಮೃದು ಭುಜ ಮಾಡಿ. ನೋವು ಹೆಗಲ ಮೂಳೆಗಳ ನಡುವೆ ಬಂದರೆ ದಾರಿ ಸರಿಯಿದೆ, ಮರುದಿನ ಬಿಡುವು ಕೊಡಿ. ಕುತ್ತಿಗೆಯಲ್ಲಿ ಬಂದರೆ ಅಂದಿನ ಅಭ್ಯಾಸ ಅಲ್ಲಿಗೇ ನಿಲ್ಲಿಸಿ, ಮತ್ತೆ 60ರ ತಾಳಕ್ಕೆ ಬನ್ನಿ. ನಮಸ್ಕಾರ.