ಎರಡು ಬತ್ತಿ ಇಟ್ಟರೆ?

ಕೇಳುಗರೆಲ್ಲರಿಗೂ ನಮಸ್ಕಾರ. ತಟ್ಟೆಯಲ್ಲಿ ಸ್ವಲ್ಪ ನೀರು, ನಡುವೆ ಉರಿಯುವ ಮೇಣದಬತ್ತಿ, ಅದರ ಮೇಲೆ ಬೋರಲು ಹಾಕಿದ ಗಾಜಿನ ಲೋಟ. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ನೀವೂ ಶಾಲೆಯಲ್ಲಿ ನೋಡಿರುತ್ತೀರಿ ಅಲ್ವಾ? ಆಮ್ಲಜನಕ ಉರಿದು ಖಾಲಿಯಾಯಿತು, ಆ ಜಾಗಕ್ಕೆ ನೀರು ಬಂತು ಅಂತ ನಾನೂ ಎಷ್ಟೋ ವರ್ಷ ಮಕ್ಕಳಿಗೆ ಬರೆಸಿದ್ದೇನೆ.

ಕಳೆದ ವಾರ ಏಳನೇ ತರಗತಿಯ ಒಬ್ಬ ಹುಡುಗಿ ಕೇಳಿದಳು, "ಸರ್, ಎರಡು ಬತ್ತಿ ಇಟ್ಟರೆ?"

ಲೋಟ ಅದೇ, ಗಾಳಿ ಅಷ್ಟೇ, ನೀರೂ ಅಷ್ಟೇ ಏರುತ್ತೆ ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ತಡೆದುಕೊಂಡೆ. ಎಷ್ಟು ಏರಬಹುದು, ನಿಮ್ಮ ಊಹೆಯನ್ನು ಬರೆದಿಡಿ ಅಂದೆ. ಮಕ್ಕಳು ಲೋಟದ ಮೇಲೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದು ಮಾಡಿ ನೋಡಿದರು. ಎರಡು ಬತ್ತಿಗೆ ನೀರು ಗೆರೆ ದಾಟಿತು. ಮೂರಕ್ಕೆ ಇನ್ನೂ ಮೇಲೆ ಹೋಯಿತು! ಆಮ್ಲಜನಕ ಅಷ್ಟೇ ಇರುವಾಗ ನೀರು ಯಾಕೆ ಜಾಸ್ತಿ?

ಆಮೇಲೆ ತಟ್ಟೆಗೆ ಮುಖ ತಾಗುವಷ್ಟು ಬಗ್ಗಿ ನೋಡುತ್ತಿದ್ದ ಹುಡುಗನೊಬ್ಬ, ಲೋಟ ಇಟ್ಟ ಕೂಡಲೇ ಅಂಚಿನಿಂದ ಗುಳ್ಳೆ ಹೊರಗೆ ಬರುತ್ತಿವೆ, ಬತ್ತಿ ಉರಿಯುವಾಗ ಸುಮ್ನಿದ್ದ ನೀರು ಆರಿದ ಮೇಲೆ ಸರ್ರನೆ ಏರುತ್ತಿದೆ ಅಂದ. ಅಲ್ಲಿಂದ ದಾರಿ ಸಿಕ್ಕಿತು. ಬಿಸಿಯಾದ ಗಾಳಿ ಹಿಗ್ಗಿ ಒಂದಿಷ್ಟು ಹೊರಗೆ ಹೋಗುತ್ತದೆ, ಬತ್ತಿ ಆರಿದ ಮೇಲೆ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಆಗ ಹೊರಗಿನ ಗಾಳಿ ನೀರನ್ನು ಒಳಗೆ ಒತ್ತುತ್ತದೆ. ಬತ್ತಿ ಹೆಚ್ಚಾದರೆ ಬಿಸಿ ಹೆಚ್ಚು, ಹೊರಗೆ ಹೋಗುವ ಗಾಳಿಯೂ ಹೆಚ್ಚು, ಅದಕ್ಕೇ ನೀರು ಜಾಸ್ತಿ ಏರಿದ್ದು. ಆಮ್ಲಜನಕವಂತೂ ಖಾಲಿಯಾಗುವುದೇ ಇಲ್ಲ. ಗಾಳಿಯಲ್ಲಿ ಅದು ಶೇ. 21ರಷ್ಟಿರುತ್ತದೆ, 16ರ ಆಸುಪಾಸಿಗೆ ಇಳಿದರೆ ಸಾಕು, ಬತ್ತಿ ಆರುತ್ತದೆ.

ಇದಕ್ಕೆ ಎರಡು ಪೀರಿಯಡ್ ಹಿಡಿಯಿತು. ಹೀಗಾದರೆ ಪೋರ್ಷನ್ ಮುಗಿಯೋದು ಯಾವಾಗ ಅಂತ ಶಿಕ್ಷಕ ಮಿತ್ರರು ಕೇಳುತ್ತಾರೆ. ನ್ಯಾಯವಾದ ಮಾತು. ಎಲ್ಲ ಪಾಠವನ್ನೂ ಹೀಗೆ ಮಾಡಲು ಆಗುವುದಿಲ್ಲ, ಪರಮಾಣುವನ್ನು ಮಕ್ಕಳೇ ಕಂಡುಹಿಡಿಯಲಿ ಅಂತ ಕಾಯುತ್ತಾ ಕೂರುವುದೂ ಸರಿಯಲ್ಲ. ತಿಂಗಳಿಗೆ ಒಂದೆರಡು ಪಾಠವಾದರೂ ಆಗಲಿ ಅನ್ನುತ್ತೇನೆ.

ನನಗೆ ಇದಕ್ಕಿಂತ ದೊಡ್ಡ ಚಿಂತೆ ಪರೀಕ್ಷೆಯದು. ಪ್ರಶ್ನೆಪತ್ರಿಕೆ ಬಾಯಿಪಾಠವನ್ನೇ ಕೇಳಿದರೆ ಪ್ರಯೋಗ ಯಾರಿಗೆ ಬೇಕು? ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಹಳ್ಳಿ ಶಾಲೆಗಳಲ್ಲಿ ಮಾಡಿ ಕಲಿಯುವ ವಿಜ್ಞಾನ ಶುರುವಾದಾಗ ಅದನ್ನು ನಡೆಸಿದವರು ಪರೀಕ್ಷೆಯನ್ನೇ ಬದಲಾಯಿಸಿದರು. ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದಿತ್ತು, ಪ್ರಯೋಗ ಮಾಡಿ ತೋರಿಸಬೇಕಿತ್ತು. ಮಕ್ಕಳು ತಮ್ಮ ಪ್ರಶ್ನೆಗಳನ್ನು ಸವಾಲಿರಾಮ್ ಅನ್ನೋ ಕಲ್ಪಿತ ಹೆಸರಿಗೆ ಕಾಗದ ಬರೆದು ಕೇಳುತ್ತಿದ್ದರು, ಉತ್ತರವೂ ಬರುತ್ತಿತ್ತು. ನೂರಾರು ಸರ್ಕಾರಿ ಶಾಲೆಗಳಿಗೆ ಹಬ್ಬಿದ್ದ ಆ ಕಾರ್ಯಕ್ರಮ 2002ರಲ್ಲಿ ನಿಂತುಹೋಯಿತು. ಅದು ನಿಂತಿದ್ದು ನನಗೆ ಇವತ್ತಿಗೂ ಬೇಸರವೇ.

ನಮ್ಮ ಹುಡುಗಿ ನಿನ್ನೆ ಮತ್ತೆ ಬಂದಿದ್ದಳು. "ಸರ್, ಗಾಳಿ ತಣ್ಣಗಾಗೋದೇ ಕಾರಣ ಅಂದ್ರೆ, ಬಿಸಿನೀರಲ್ಲಿ ತೊಳೆದ ಲೋಟವನ್ನ ಬತ್ತಿಯೇ ಇಲ್ಲದೆ ಬೋರಲು ಹಾಕಿದರೂ ನೀರು ಏರಬೇಕಲ್ವಾ?"

ನಾಳೆ ಎರಡನೇ ಪೀರಿಯಡ್‌ಗೆ ಬಿಸಿನೀರು ತರಬೇಕು. ಬಿಸಿಯೂಟದ ಅಡುಗೆಯವರಿಗೆ ಹೇಳಿಟ್ಟಿದ್ದೇನೆ.